ಕಾಗದ ಮೊದಲು, ಕಲ್ಲು ಆಮೇಲೆ: ತೀರಿಹೋದ ಅಪ್ಪನ ಯುದ್ಧಕಾಲದ ಸೇವೆಗೆ ಗೌರವ ಸಲ್ಲಿಸಲು ಸಮಗ್ರ ಮಾರ್ಗದರ್ಶಿ

ಈ ಕೆಲಸವನ್ನು ಹೆಚ್ಚಿನವರು ಹಿಂದುಮುಂದಾಗಿ ಮಾಡುತ್ತಾರೆ. ವರ್ಷದ ತಿಥಿಯೊಳಗೆ ಕಲ್ಲು ನಿಲ್ಲಿಸಬೇಕು ಅನ್ನೋ ಅವಸರ. ಫ್ರೇಮ್ ಅಂಗಡಿಗೆ ಪದಕ ಕೊಟ್ಟುಬಿಡುತ್ತಾರೆ, ಫ್ಲೆಕ್ಸ್‌ನವನಿಗೆ ಫೋಟೊ ಕಳಿಸುತ್ತಾರೆ. ಎಲ್ಲ ಮುಗಿದ ಮೇಲೆ ಊರಿನ ಮಾಜಿ ಸೈನಿಕರೊಬ್ಬರು ಬಂದು ನೋಡಿ, ಮೆಲ್ಲಗೆ "ರ‍್ಯಾಂಕ್ ತಪ್ಪಾಗಿದೆಯಲ್ಲಪ್ಪಾ" ಅನ್ನುತ್ತಾರೆ.

ನಾನೂ ಅದನ್ನೇ ಮಾಡಿದೆ. ನಮ್ಮಪ್ಪ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. 1971ರಲ್ಲಿ ಪಶ್ಚಿಮದ ಗಡಿಯಲ್ಲಿ ಮೈನ್ (ನೆಲದಲ್ಲಿ ಹೂತಿಟ್ಟ ಸಿಡಿಗುಂಡು) ತೆಗೆಯುವ ಕೆಲಸ. ಹವಿಲ್ದಾರ್ ಆಗಿ ನಿವೃತ್ತರಾದರು, ಜೊತೆಗೆ ಗೌರವ ನಾಯಬ್ ಸುಬೇದಾರ್ ಪದವಿ ಸಿಕ್ಕಿತ್ತು. ಊರಲ್ಲಿ ಎಲ್ಲರೂ ಸುಬೇದಾರ್ ಅಂತಲೇ ಕರೆಯುತ್ತಿದ್ದರು. ನಾನೂ ಕಲ್ಲಿನ ಮೇಲೆ "ಸುಬೇದಾರ್" ಅಂತಲೇ ಕೆತ್ತಿಸಿದೆ. ಅದು ನಾಯಬ್ ಸುಬೇದಾರ್‌ಗಿಂತ ಮೇಲಿನ, ಬೇರೆಯದೇ ಪದವಿ. ಆ ಕಲ್ಲು ಈಗ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಜಾಗದ ಪಕ್ಕ ಬೋರಲು ಬಿದ್ದಿದೆ.

ಯುದ್ಧದ ಸಮಯದಲ್ಲಿ ಸೇವೆ ಮಾಡಿ, ಮನೆಗೆ ಮರಳಿ, ಬಾಳಿ ತೀರಿಕೊಂಡವರ ಮಕ್ಕಳಿಗೆ ಈ ಬರಹ. 1962, 1965, 1971, ಶ್ರೀಲಂಕಾ, ಕಾರ್ಗಿಲ್, ಯಾವುದಾದರೂ ಸರಿ. ಅಮ್ಮ ಮಿಲಿಟರಿ ನರ್ಸ್ ಆಗಿದ್ದರೂ ಕ್ರಮ ಇದೇ. ಪೂರ್ತಿ ಕೆಲಸಕ್ಕೆ ಆರು ತಿಂಗಳಾದರೂ ಇಟ್ಟುಕೊಳ್ಳಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಒಂದು ಇನ್ನೂರು ಪುಟದ ನೋಟ್‌ಬುಕ್, ಪೆನ್ಸಿಲ್, ಭೂತಗನ್ನಡಿ, ಹತ್ತಿಯ ಮೆತ್ತನೆ ಬಟ್ಟೆ, ಕ್ಯಾಮೆರಾ ಚೆನ್ನಾಗಿರುವ ಫೋನ್. ಕಾಗದಗಳಲ್ಲಿ ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ನಿಮ್ಮ ಆಧಾರ್, ಅಮ್ಮ ಇದ್ದರೆ ಅವರದೂ. ಇವುಗಳ ನಾಲ್ಕು ನಾಲ್ಕು ಜೆರಾಕ್ಸ್ ಮಾಡಿಸಿಡಿ. ವಂಶವೃಕ್ಷಕ್ಕೆ ಮೊದಲೇ ಅರ್ಜಿ ಹಾಕಿ, ಅದು ಬರುವವರೆಗೆ ಮನೆಯೊಳಗಿನ ಕೆಲಸ ನಡೆಯುತ್ತದೆ.

## ಹಂತ 1: ಟ್ರಂಕ್ ತೆಗೆಯಿರಿ, ಆದರೆ ಜೋಡಿಸಬೇಡಿ

ಹೆಚ್ಚಿನ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಕಪ್ಪು ತಗಡಿನ ಟ್ರಂಕ್ ಇರುತ್ತದೆ. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ರ‍್ಯಾಂಕ್, ಹೆಸರು ಬರೆದಿರುತ್ತದೆ. ತುಕ್ಕು ಹಿಡಿದಿದೆ ಅಂತ ಅದಕ್ಕೆ ಬಣ್ಣ ಹೊಡೆಸಿಬಿಡುತ್ತಾರಲ್ಲ, ಅಲ್ಲಿಗೆ ಒಂದು ದಾಖಲೆ ಹೋಯಿತು. ಮೊದಲು ಮುಚ್ಚಳದ ಫೋಟೊ ತೆಗೆಯಿರಿ, ಬೆಳಕು ಓರೆಯಾಗಿ ಬೀಳುವಂತೆ. ಮಾಸಿದ ಅಕ್ಷರ ಹಾಗೆ ಕಾಣುತ್ತದೆ.

ಒಳಗಿನದನ್ನು ಇದ್ದ ಹಾಗೇ ಫೋಟೊ ತೆಗೆದು, ಆಮೇಲೆ ಒಂದೊಂದಾಗಿ ಹೊರಗಿಡಿ. ಯಾವ ಲಕೋಟೆಯಲ್ಲಿ ಏನಿತ್ತು ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಪದಕ ಯಾವ ಪತ್ರದ ಜೊತೆ ಸುತ್ತಿತ್ತು ಅನ್ನುವುದೂ ಒಂದು ಸುಳಿವೇ.

ಮುಖ್ಯವಾಗಿ ಹುಡುಕಬೇಕಾದ್ದು ಡಿಸ್ಚಾರ್ಜ್ ಬುಕ್, ಸೇನೆ ಬಿಡುವಾಗ ಕೊಡುವ ದಾಖಲೆ. ಸಣ್ಣ ಪುಸ್ತಕ, ಮೂಲೆ ಮಡಚಿ, ಪ್ಲಾಸ್ಟಿಕ್ ಕವರ್‌ನಲ್ಲಿ ಇರುತ್ತದೆ. ಸೇರಿದ ತಾರೀಕು, ಬಿಟ್ಟ ತಾರೀಕು, ಟ್ರೇಡ್ (ಸೇನೆಯಲ್ಲಿ ಮಾಡುತ್ತಿದ್ದ ಕೆಲಸ), ಪದಕಗಳು, ಮನೆಯವರ ಹೆಸರು ಎಲ್ಲ ಅದರಲ್ಲಿವೆ. ಆಮೇಲೆ ಪಿಪಿಒ (ಪೆನ್ಶನ್ ಮಂಜೂರಾತಿ ಆದೇಶ), ಹಳೆ ಇನ್‌ಲ್ಯಾಂಡ್ ಪತ್ರಗಳು, ಗುಂಪು ಫೋಟೊಗಳು.

ಇನ್‌ಲ್ಯಾಂಡ್ ಪತ್ರಗಳನ್ನು ಸುಮ್ನೆ ಕಟ್ಟಿಡಬೇಡಿ, ವಿಳಾಸ ನೋಡಿ. "56 ಎಪಿಒ" (ಎಪಿಒ ಅಂದರೆ ಸೇನಾ ಅಂಚೆ ಕಚೇರಿ) ಅಂತಿದ್ದರೆ ಅಪ್ಪ ಇದ್ದದ್ದು ಉತ್ತರ ಅಥವಾ ಪಶ್ಚಿಮದ ಕಡೆ. "99 ಎಪಿಒ" ಅಂದರೆ ಪೂರ್ವದ ಕಡೆ. ಯಾವ ಯೂನಿಟ್ ಅಂತಲೂ ಅದರಲ್ಲೇ ಇರುತ್ತದೆ. ನಮ್ಮಪ್ಪ ಬರೆದ ಒಂದು ಪತ್ರದಲ್ಲಿ ಯುದ್ಧದ ಬಗ್ಗೆ ಒಂದು ಸಾಲೂ ಇಲ್ಲ. ಎಮ್ಮೆ ಕರು ಹಾಕಿತಾ ಅಂತ ಕೇಳಿದ್ದಾರೆ, ಚಳಿ ಜಾಸ್ತಿ ಅಂದಿದ್ದಾರೆ. ಆದರೆ ಮೂಲೆಯಲ್ಲಿ ಯೂನಿಟ್ ಮತ್ತು ತಾರೀಕು ಸ್ಪಷ್ಟವಾಗಿವೆ. ಮುಂದಿನ ಅರ್ಧ ಕೆಲಸ ಆ ಪತ್ರದಿಂದಲೇ ಆಯಿತು.

ಸಾಮಾನ್ಯ ತಪ್ಪು: ಡಿಸ್ಚಾರ್ಜ್ ಬುಕ್ ಬಿಚ್ಚಿ ಲ್ಯಾಮಿನೇಷನ್ ಮಾಡಿಸುವುದು. ಬಿಸಿಗೆ ಶಾಯಿ ಹರಡುತ್ತದೆ, ಕಾಗದ ಮತ್ತೆ ಹೊರಗೆ ಬರುವುದಿಲ್ಲ. ಪ್ರತಿ ಪುಟ, ಖಾಲಿ ಪುಟ ಕೂಡ, ಸ್ಕ್ಯಾನ್ ಮಾಡಿ ಮೂಲವನ್ನು ಹಾಗೇ ಇಡಿ. ಫೋಟೊಗಳ ಹಿಂದೆ ಬಾಲ್‌ಪೆನ್‌ನಲ್ಲಿ ಬರೆಯಬೇಡಿ, ಪೆನ್ಸಿಲ್ ಸಾಕು.

## ಹಂತ 2: ನಂಬರ್, ರ‍್ಯಾಂಕ್, ಹೆಸರು ಗಟ್ಟಿ ಮಾಡಿಕೊಳ್ಳಿ

ಸೇನೆಯಲ್ಲಿ ಮನುಷ್ಯನನ್ನು ಹುಡುಕುವುದು ನಂಬರ್‌ನಿಂದ, ಹೆಸರಿನಿಂದಲ್ಲ. ಆ ನಂಬರ್‌ನಲ್ಲೇ ಹೆಚ್ಚಿನವರು ಎಡವುತ್ತಾರೆ.

ಜವಾನ (ಸಾಮಾನ್ಯ ಸೈನಿಕ) ಆಗಿದ್ದವರು ನಾಯಬ್ ಸುಬೇದಾರ್ ಆಗಿ ಬಡ್ತಿ ಪಡೆದಾಗ ನಂಬರ್ ಬದಲಾಗುತ್ತದೆ. ಹೊಸ ನಂಬರ್ "ಜೆಸಿ" ಅಂತ ಶುರುವಾಗುತ್ತದೆ. ಹಾಗಾಗಿ ಪದಕದ ಮೇಲೆ ಒಂದು ನಂಬರ್, ಪಿಪಿಒದಲ್ಲಿ ಇನ್ನೊಂದು ನಂಬರ್ ಇದ್ದರೆ ಗಾಬರಿ ಬೇಡ. ಎರಡನ್ನೂ ಬರೆದುಕೊಳ್ಳಿ. ಕೆಲವು ನಂಬರ್‌ಗಳ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಅದು ನಂಬರ್‌ನ ಭಾಗವೇ. ಬಿಡಬೇಡಿ.

ರ‍್ಯಾಂಕ್ ವಿಷಯದಲ್ಲಿ ಮೂರು ಗೊಂದಲ. ಒಂದು, ಜವಾನನನ್ನು ಕರೆಯುವ ಹೆಸರು ಒಂದೊಂದು ದಳದಲ್ಲಿ ಒಂದೊಂದು. ಕಾಲ್ದಳದಲ್ಲಿ ಸಿಪಾಯಿ, ಎಂಜಿನಿಯರ್‌ಗಳಲ್ಲಿ ಸ್ಯಾಪರ್, ತೋಪಿನ ದಳದಲ್ಲಿ ಗನ್ನರ್, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್, ಟ್ಯಾಂಕ್ ದಳದಲ್ಲಿ ಸವಾರ್. "ಸ್ಯಾಪರ್" ಅಂದರೆ ಉಪನಾಮ ಅಂದುಕೊಂಡು ಹೆಸರಿನ ಜೊತೆ ಸೇರಿಸಿ ಬರೆದವರನ್ನು ನೋಡಿದ್ದೇನೆ. ಎರಡು, ಪದಕದ ಮೇಲಿರುವುದು ಆ ಪದಕದ ಕಾಲದ ರ‍್ಯಾಂಕ್, ನಿವೃತ್ತಿಯ ರ‍್ಯಾಂಕ್ ಅಲ್ಲ. ಮೂರು, ಗೌರವ ಪದವಿ. ನನ್ನನ್ನು ಹಳ್ಳಕ್ಕೆ ಕೆಡವಿದ್ದು ಇದೇ. "ಗೌರವ ನಾಯಬ್ ಸುಬೇದಾರ್" ಅಂತ ಪೂರ್ತಿ ಬರೆಯಬೇಕು. "ಗೌರವ" ಬಿಟ್ಟರೆ ಅದು ಬೇರೆಯದೇ ಆಗುತ್ತದೆ.

ಹೆಸರಿನ ಕಥೆ ಇನ್ನೂ ಚೆನ್ನ. ನಮ್ಮ ಕಡೆಯ ಹೆಸರನ್ನು ಭರ್ತಿ ಮಾಡುವಾಗ ಬರೆದುಕೊಂಡವರು ಬೇರೆ ಕಡೆಯವರು. ರಾಮೇಗೌಡ ಎರಡು ತುಂಡಾಗಿರಬಹುದು, ಇನಿಷಿಯಲ್ ಹಿಂದೆ ಹೋಗಿರಬಹುದು. ರೆಕಾರ್ಡ್ ಆಫೀಸ್‌ಗೆ (ಸೇವಾ ದಾಖಲೆ ಇಡುವ ಕಚೇರಿ) ಬರೆಯುವಾಗ ಡಿಸ್ಚಾರ್ಜ್ ಬುಕ್‌ನಲ್ಲಿ ಇದ್ದ ಹಾಗೇ ಬರೆಯಿರಿ, ತಪ್ಪು ಕಾಗುಣಿತದ ಸಮೇತ. ಕಲ್ಲಿಗೆ ಮಾತ್ರ ಮನೆಯಲ್ಲಿ ಕರೆಯುತ್ತಿದ್ದ ಹೆಸರು.

## ಹಂತ 3: ಅಮ್ಮನ ಪೆನ್ಶನ್ ಸರಿ ಇದೆಯಾ ನೋಡಿ

ಇದು ಗೌರವದ ಕೆಲಸವಾ ಅಂತ ಕೇಳಬಹುದು. ನನ್ನ ಲೆಕ್ಕದಲ್ಲಿ ಮೊದಲ ಗೌರವ ಇದೇ. ಅಮ್ಮ ಕುಟುಂಬ ಪಿಂಚಣಿಗೆ ಅಲೆಯುತ್ತಿರುವಾಗ ಗ್ರಾನೈಟ್‌ಗೆ ದುಡ್ಡು ಸುರಿಯುವುದು ಸರಿಯಲ್ಲ.

ಅಮ್ಮನ ಹೆಸರು ಮತ್ತು ಹುಟ್ಟಿದ ತಾರೀಕು ಪಿಪಿಒ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ. ಅಲ್ಲಿಗೆ ಹೇಗೂ ಒಮ್ಮೆ ಹೋಗಲೇಬೇಕು. ಮುಂದಿನ ಹಂತದ ಪತ್ರದ ಕರಡನ್ನೂ ಅಲ್ಲೇ ತೋರಿಸಿ, ತಪ್ಪಿದ್ದರೆ ತಿದ್ದಿಕೊಡುತ್ತಾರೆ.

## ಹಂತ 4: ರೆಕಾರ್ಡ್ ಆಫೀಸ್‌ಗೆ ಪತ್ರ

ಜವಾನರು ಮತ್ತು ಜೆಸಿಒಗಳ (ನಾಯಬ್ ಸುಬೇದಾರ್, ಸುಬೇದಾರ್ ಮುಂತಾದವರು) ಸೇವಾ ದಾಖಲೆ ಅವರವರ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ ಆಫೀಸ್‌ನಲ್ಲಿ ಇರುತ್ತದೆ. ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲೇ ಇದೆ. ಪ್ಯಾರಾ ರೆಜಿಮೆಂಟ್‌ನದೂ ಬೆಂಗಳೂರು. ಮರಾಠಾ ಲಘು ಪದಾತಿ ದಳದ್ದು ಬೆಳಗಾವಿ, ಮದ್ರಾಸ್ ರೆಜಿಮೆಂಟ್‌ನದು ವೆಲ್ಲಿಂಗ್ಟನ್, ತೋಪಿನ ದಳದ್ದು ನಾಸಿಕ್ ರೋಡ್, ಯಂತ್ರ, ವಾಹನ ರಿಪೇರಿಯ ದಳವಾದ ಇಎಂಇಯದು ಸಿಕಂದರಾಬಾದ್, ಸಿಗ್ನಲ್ಸ್‌ನದು ಜಬಲ್‌ಪುರ. ಆಫೀಸರ್‌ಗಳ ದಾಖಲೆ ಇಲ್ಲೆಲ್ಲೂ ಇಲ್ಲ, ದೆಹಲಿಯ ಸೇನಾ ಮುಖ್ಯಾಲಯದಲ್ಲಿದೆ. ವಾಯುಪಡೆಯ ಏರ್‌ಮನ್‌ಗಳದು ದೆಹಲಿಯ ಸುಬ್ರೊತೊ ಪಾರ್ಕ್, ನೌಕಾಪಡೆಯ ನಾವಿಕರದು ಮುಂಬೈನ ಮಾನ್‌ಖುರ್ದ್.

ಪತ್ರ ಒಂದು ಪುಟ ಮೀರಬಾರದು. ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಸೇರಿದ ಮತ್ತು ಬಿಟ್ಟ ತಾರೀಕು, ಪಿಪಿಒ ನಂಬರ್, ತೀರಿಕೊಂಡ ತಾರೀಕು, ನಿಮ್ಮ ಸಂಬಂಧ. ಆಮೇಲೆ ಏನು ಬೇಕು ಅಂತ ಬಿಡಿಸಿ ಕೇಳಿ. "ಅಪ್ಪನ ಬಗ್ಗೆ ಮಾಹಿತಿ ಕೊಡಿ" ಅಂದರೆ ಏನೂ ಬರುವುದಿಲ್ಲ. ಹೀಗೆ ಕೇಳಿ: ಸೇವಾ ವಿವರದ ಪ್ರತಿ, ಯಾವ ವರ್ಷ ಯಾವ ಯೂನಿಟ್‌ನಲ್ಲಿದ್ದರು ಎಂಬ ಪಟ್ಟಿ, ಅರ್ಹವಾದ ಪದಕಗಳ ಪಟ್ಟಿ, ಅವುಗಳಲ್ಲಿ ಕೊಡದೇ ಉಳಿದವು ಇವೆಯೇ.

ಕೊನೆಯ ಪ್ರಶ್ನೆ ಮರೆಯಬೇಡಿ. ಆ ಕಾಲದಲ್ಲಿ ರಿಬ್ಬನ್ ಮಾತ್ರ ಸಿಕ್ಕಿ, ಪದಕ ಕೈಗೆ ಬಾರದೆಯೇ ಊರಿಗೆ ಬಂದವರು ಬಹಳ ಜನ.

ಇನ್ನೊಂದು ವಿಷಯ ತಿಳಿದಿರಲಿ. ಪೆನ್ಶನ್ ಇಲ್ಲದೆ ಬಿಟ್ಟುಬಂದವರ ಸೇವಾ ಕಾಗದಗಳನ್ನು 25 ವರ್ಷ ಆದ ಮೇಲೆ ನಾಶ ಮಾಡುವ ನಿಯಮವಿದೆ. "ದಾಖಲೆ ಲಭ್ಯವಿಲ್ಲ" ಅಂತ ಉತ್ತರ ಬಂದರೆ ಅಲ್ಲಿಗೆ ಕೈಬಿಡಬೇಡಿ. ಕಾಗದ ಹೋದರೂ "ಲಾಂಗ್ ರೋಲ್" ಎಂಬ ರಿಜಿಸ್ಟರ್ ಉಳಿದಿರುತ್ತದೆ. ಅದರಲ್ಲಿ ಒಬ್ಬೊಬ್ಬರಿಗೆ ಕೆಲವೇ ಸಾಲು, ಆದರೆ ಅಷ್ಟು ಸಾಕು. ಎರಡನೇ ಪತ್ರದಲ್ಲಿ ಲಾಂಗ್ ರೋಲ್‌ನ ಪ್ರತಿ ಬೇಕು ಅಂತ ಹೆಸರು ಹಿಡಿದು ಕೇಳಿ.

ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ನೋಟ್‌ಬುಕ್‌ಗೆ ಅಂಟಿಸಿ. ಎರಡು ತಿಂಗಳು ಕಾದು ಜ್ಞಾಪನ ಪತ್ರ ಹಾಕಿ. ಅದಕ್ಕೂ ಸುದ್ದಿ ಇಲ್ಲ ಅಂದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ನೀವು ವಾರಸುದಾರರು ಎಂಬ ದಾಖಲೆ ಲಗತ್ತಿಸದಿದ್ದರೆ ಮೂರನೆಯವರ ಮಾಹಿತಿ ಅಂತ ತಿರಸ್ಕರಿಸುತ್ತಾರೆ. ವಂಶವೃಕ್ಷ ಮೊದಲೇ ಮಾಡಿಸಿ ಅಂದದ್ದು ಇದಕ್ಕೇ.

ಎಚ್ಚರಿಕೆಯ ಸೂಚನೆ: "ನಿಮ್ಮಪ್ಪನ ಯುದ್ಧ ಪದಕಕ್ಕೆ ಹಣ ಮಂಜೂರಾಗಿದೆ, ಒಟಿಪಿ ಹೇಳಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ದಾಖಲೆ ತೆಗೆಸಿಕೊಡುತ್ತೇನೆ ಅಂತ ಮೂಲ ಡಿಸ್ಚಾರ್ಜ್ ಬುಕ್ ಕೇಳುವ ಮಧ್ಯವರ್ತಿಗೂ ಕೊಡಬೇಡಿ. ಹಳೆ ಪದಕ ಕೊಳ್ಳುವವರು ಇದ್ದಾರೆ ಅನ್ನೋದು ನೆನಪಿರಲಿ.

## ಹಂತ 5: ಪದಕಗಳನ್ನು ಓದಿ

ದುಂಡು ಪದಕವನ್ನು ಅಂಚಿನಿಂದ ಹಿಡಿದು ನಿಧಾನ ತಿರುಗಿಸಿ. ಅಂಚಿನ ಮೇಲೆ ನಂಬರ್, ರ‍್ಯಾಂಕ್, ಹೆಸರು ಕೊರೆದಿರುತ್ತಾರೆ. ಭೂತಗನ್ನಡಿ ಇಲ್ಲಿ ಬೇಕು. ಅಂಚಿನ ಹೆಸರು ಅಪ್ಪನದ್ದೇ ಅಂತ ಖಚಿತ ಮಾಡಿಕೊಳ್ಳಿ. ಸ್ನೇಹಿತರ ಪದಕ ಅದಲುಬದಲಾಗಿ ಬಂದದ್ದೂ ಉಂಟು.

1965ರವರಿಗೆ ಸಾಮಾನ್ಯವಾಗಿ ಸಿಗುವುದು ಸಮರ ಸೇವಾ ಸ್ಟಾರ್ (ನಕ್ಷತ್ರದ ಆಕಾರದ ಪದಕ) ಮತ್ತು ರಕ್ಷಾ ಪದಕ. 1971ರವರಿಗೆ ಪೂರ್ವಿ ಸ್ಟಾರ್ ಅಥವಾ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ ಪದಕ. ಕಾರ್ಗಿಲ್‌ನವರಿಗೆ ಆಪ್ (ಆಪರೇಷನ್) ವಿಜಯ್ ಸ್ಟಾರ್, ಆಪ್ ವಿಜಯ್ ಪದಕ. ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಟಾರ್ ಸಿಗುವುದು ಕಾರ್ಯಾಚರಣೆ ನಡೆದ ಪ್ರದೇಶದಲ್ಲಿ ಇದ್ದವರಿಗೆ. ಸಂಗ್ರಾಮ ಪದಕ ಆಗ ಸೇವೆಯಲ್ಲಿದ್ದ ಬಹುಪಾಲು ಎಲ್ಲರಿಗೂ ಸಿಕ್ಕಿದೆ. ಸಂಗ್ರಾಮ ಪದಕ ಮಾತ್ರ ಇದ್ದರೆ "ರಣರಂಗದಲ್ಲಿ ಹೋರಾಡಿದರು" ಅಂತ ಬರೆಯಬೇಡಿ. ಸಾಮಾನು ಸಾಗಿಸಿದವರು, ಆಸ್ಪತ್ರೆಯಲ್ಲಿ ಇದ್ದವರು, ಡಿಪೊ ನೋಡಿಕೊಂಡವರು ಇಲ್ಲದೆ ಯಾವ ಯುದ್ಧವೂ ನಡೆದಿಲ್ಲ. ಅವರು ಮಾಡಿದ್ದನ್ನೇ ಬರೆಯಿರಿ.

ಪದಕ ಕಳೆದುಹೋಗಿದ್ದರೆ ಎರಡು ದಾರಿ. ಪೊಲೀಸ್ ದೂರಿನ ಪ್ರತಿಯೊಂದಿಗೆ ರೆಕಾರ್ಡ್ ಆಫೀಸ್ ಮೂಲಕ ನಕಲು ಪದಕಕ್ಕೆ ಅರ್ಜಿ ಹಾಕುವುದು ಒಂದು. ಮಿಲಿಟರಿ ಟೈಲರ್ ಅಂಗಡಿಯಿಂದ ಪ್ರತಿಕೃತಿ ತರುವುದು ಇನ್ನೊಂದು. ಪ್ರತಿಕೃತಿ ತಂದರೆ ಫ್ರೇಮ್ ಹಿಂದೆ "ಪ್ರತಿಕೃತಿ" ಅಂತ ಬರೆದಿಡಿ. ಆದರೆ ಅಪ್ಪನಿಗೆ ಸಿಗದ ಪದಕವನ್ನು ಚೆಂದಕ್ಕೆ ಅಂತ ಸೇರಿಸಬೇಡಿ. ನೋಡಿದ ಕೂಡಲೇ ಕಂಡುಹಿಡಿಯುವವರು ಇರುತ್ತಾರೆ.

## ಹಂತ 6: ಬದುಕಿರುವವರ ಮಾತು, ಬೇಗ

ಪತ್ರಕ್ಕೆ ಉತ್ತರ ಕಾಯುತ್ತಿರುವಾಗಲೇ ಈ ಕೆಲಸ ಮಾಡಿ. 1971ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ 70 ದಾಟಿದೆ. ತಾಲೂಕಿನ ಮಾಜಿ ಸೈನಿಕರ ಸಂಘದಲ್ಲಿ ಅಪ್ಪನ ಯೂನಿಟ್ ಹೆಸರು ಹೇಳಿ ಕೇಳಿ. ಗುಂಪು ಫೋಟೊ ಇದ್ದರೆ ದೊಡ್ಡದು ಮಾಡಿಸಿಕೊಂಡು ಹೋಗಿ. ಹೆಸರು ನೆನಪಾಗದವರಿಗೂ ಮುಖ ನೆನಪಾಗುತ್ತದೆ.

"ಯುದ್ಧದ ಅನುಭವ ಹೇಳಿ" ಅಂತ ಕೇಳಬೇಡಿ. ಯಾರೂ ಹೇಳುವುದಿಲ್ಲ. ಊಟಕ್ಕೆ ಏನು ಕೊಡುತ್ತಿದ್ದರು, ಎಲ್ಲಿ ಮಲಗುತ್ತಿದ್ದಿರಿ, ಕಂಪನಿಯಲ್ಲಿ ಕನ್ನಡದವರು ಎಷ್ಟು ಜನ, ಹೀಗೆ ಕೇಳಿ. ಅಪ್ಪನ ಜೊತೆಗಿದ್ದ ಒಬ್ಬ ಹಿರಿಯರು ನನಗೆ ಟೀಪಾಯಿ ಮೇಲಿನ ಚಮಚ ತೆಗೆದುಕೊಂಡು, ಮೇಜಿನ ಬಟ್ಟೆಗೆ ಓರೆಯಾಗಿ ಚುಚ್ಚುತ್ತಾ ಮೈನ್ ಹುಡುಕುವುದನ್ನು ತೋರಿಸಿದರು. "ನೇರ ಚುಚ್ಚಬಾರದು, ಓರೆ, ಓರೆ" ಅಂತ ನಾಲ್ಕು ಸಲ ಹೇಳಿದರು. ಅಪ್ಪ ತೋಟದಲ್ಲಿ ಕೋಲನ್ನು ಯಾವಾಗಲೂ ಓರೆಯಾಗಿ ಯಾಕೆ ಚುಚ್ಚುತ್ತಿದ್ದರು ಅಂತ ಆಗ ತಿಳಿಯಿತು.

ನೆನಪಿನಲ್ಲಿ 65 ಮತ್ತು 71 ಬೆರೆತುಹೋಗುವುದು ಸಹಜ. ಎದುರಿಗೆ ತಿದ್ದಬೇಡಿ. ಮನೆಗೆ ಬಂದು ಡಿಸ್ಚಾರ್ಜ್ ಬುಕ್‌ನ ತಾರೀಕಿಗೆ ಹೋಲಿಸಿ.

## ಹಂತ 7: ಫ್ರೇಮ್

ಬ್ರಾಸೊ (ಲೋಹ ಹೊಳಪಿಸುವ ದ್ರವ) ಹಾಕಿ ಪದಕ ಉಜ್ಜಬೇಡಿ. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು, ಮಾಸಿದ ಬಣ್ಣ ಇರಲಿ.

ಅಂಗಡಿಯವರಿಗೆ "ಬಾಕ್ಸ್ ಫ್ರೇಮ್" ಅಂತ ಹೇಳಿ. ಗಾಜು ಪದಕಕ್ಕೆ ತಾಗಬಾರದು. ಪದಕ ಅಂಟಿಸುವಂತಿಲ್ಲ, ರಿಬ್ಬನ್ ಅನ್ನು ಬಟ್ಟೆಗೆ ದಾರದಲ್ಲಿ ಹೊಲಿಯಬೇಕು. ಹಿಂಬದಿ ಸ್ಕ್ರೂ ಇರಲಿ, ಬೇಕಾದಾಗ ತೆಗೆಯಬಹುದು. ನನ್ನ ಪರಿಚಯದವರೊಬ್ಬರ ಪಶ್ಚಿಮಿ ಸ್ಟಾರ್ ಫೆವಿಕ್ವಿಕ್‌ನಲ್ಲಿ ಅಂಟಿ, ಹಿಂದೆ ಕೊರೆದ ಹೆಸರು ಶಾಶ್ವತವಾಗಿ ಮುಚ್ಚಿಹೋಗಿದೆ.

ಜೋಡಿಸುವ ಕ್ರಮಕ್ಕೂ ನಿಯಮ ಇದೆ. ನೋಡುವವರ ಎಡಗಡೆಯಿಂದ ಶುರು: ಶೌರ್ಯ ಪದಕ ಇದ್ದರೆ ಅದು, ಆಮೇಲೆ ಸ್ಟಾರ್, ಸಂಗ್ರಾಮ, ಸೈನ್ಯ ಸೇವಾ, ಸ್ವಾತಂತ್ರ್ಯದ 25ನೇ ವರ್ಷದ ಪದಕ, ಕೊನೆಗೆ 20 ವರ್ಷ, 9 ವರ್ಷದ ದೀರ್ಘ ಸೇವಾ ಪದಕಗಳು. ಅಪ್ಪ ಯೂನಿಫಾರ್ಮ್‌ನಲ್ಲಿರುವ ಫೋಟೊ ಇದ್ದರೆ ರಿಬ್ಬನ್ ಸಾಲು ನೋಡಿ ತಾಳೆ ಹಾಕಿ.

ಬಿಸಿಲು ಬೀಳುವ ಗೋಡೆ, ಮಳೆಗಾಲದಲ್ಲಿ ಒದ್ದೆಯಾಗುವ ಹೊರಗೋಡೆ ಎರಡೂ ಬೇಡ. ದೇವರ ಕೋಣೆಯಲ್ಲಿ ಇಡುವವರು ದೀಪದ ಮಸಿ ನೋಡಿಕೊಳ್ಳಿ.

## ಹಂತ 8: ಕಲ್ಲು

ರೆಕಾರ್ಡ್ ಆಫೀಸ್‌ನ ಉತ್ತರ ಕೈಗೆ ಬಂದ ಮೇಲೆಯೇ ಕಲ್ಲಿನ ಮಾತು. ಸ್ವಂತ ಜಾಗವಾದರೆ ತೊಂದರೆ ಇಲ್ಲ. ರಸ್ತೆ ಬದಿ, ಶಾಲೆ ಆವರಣ, ಬಸ್ ನಿಲ್ದಾಣ ಅಂದರೆ ಗ್ರಾಮ ಪಂಚಾಯಿತಿಯ ಲಿಖಿತ ಒಪ್ಪಿಗೆ ಬೇಕು. ಬಾಯಿಮಾತಿನ ಒಪ್ಪಿಗೆ ಮುಂದಿನ ಅಧ್ಯಕ್ಷರವರೆಗೆ ಮಾತ್ರ.

ಬರಹ ಚಿಕ್ಕದಿರಲಿ. ಹೆಸರು, ಪೂರ್ತಿ ರ‍್ಯಾಂಕ್, ರೆಜಿಮೆಂಟ್, ಸೇವೆಯ ವರ್ಷಗಳು, ಯುದ್ಧದ ವರ್ಷ, ಪದಕಗಳು. "ಹುತಾತ್ಮ" ಎಂಬ ಪದ ಬೇಡ. ಮನೆಗೆ ಬಂದು, ಮೊಮ್ಮಕ್ಕಳನ್ನು ಆಡಿಸಿ ತೀರಿಕೊಂಡವರನ್ನು ಹುತಾತ್ಮ ಅಂದರೆ, ನಿಜವಾಗಿ ಮಗನನ್ನು ಕಳೆದುಕೊಂಡ ಪಕ್ಕದೂರಿನ ಮನೆಯವರಿಗೆ ಹೇಗನ್ನಿಸಬೇಕು? ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ ಅಪ್ಪನ ಹೆಸರು ಯಾಕಿಲ್ಲ ಅಂತ ಕೇಳುವವರಿಗೂ ಇದೇ ಉತ್ತರ. ಅಲ್ಲಿರುವುದು ಪ್ರಾಣ ಕೊಟ್ಟವರ ಹೆಸರು.

ಅಶೋಕ ಸ್ತಂಭದ ಸಿಂಹ ಲಾಂಛನ ಕೆತ್ತಿಸಬೇಡಿ. ಖಾಸಗಿಯವರು ಬಳಸುವುದನ್ನು 2005ರ ಕಾಯ್ದೆ ತಡೆಯುತ್ತದೆ. ರೆಜಿಮೆಂಟ್ ಲಾಂಛನ ಬೇಕಿದ್ದರೆ ಆ ರೆಜಿಮೆಂಟ್‌ನ ಸೆಂಟರ್‌ಗೆ ಬರೆದು ಕೇಳಿ.

ಈಗ ಎಲ್ಲರೂ ಎಡವುವ ಜಾಗ, ಅಕ್ಷರ. ನೀವು ಫೋನ್‌ನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತೀರಿ. ಕೆತ್ತುವವರ ಕಂಪ್ಯೂಟರ್‌ನಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟ್. ಅಲ್ಲಿ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಕಳೆದುಹೋಗುತ್ತದೆ, "ಹವಿಲ್ದಾರ್" ಇನ್ನೇನೋ ಆಗುತ್ತದೆ. ವಾಟ್ಸಾಪ್ ಮೆಸೇಜ್ ನೋಡಿ ಕೆತ್ತಲು ಬಿಡಬೇಡಿ. ಕಲ್ಲಿನ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಮೂರು ಜನ ಬೇರೆ ಬೇರೆಯಾಗಿ ಓದಿ. ಒಬ್ಬರು ಕೊನೆಯ ಪದದಿಂದ ಹಿಂದಕ್ಕೆ ಓದಲಿ. ತಪ್ಪು ಹಾಗೆ ಬೇಗ ಸಿಗುತ್ತದೆ. ಆಮೇಲೆ ಆ ಕಾಗದದ ಮೇಲೆ ಸಹಿ ಹಾಕಿ ಕೊಡಿ.

ಕಲ್ಲೇ ಬೇಕು ಅಂತಿಲ್ಲ. ಅಪ್ಪ ಓದಿದ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜೊತೆ ಮಾತಾಡಿ ಅವರ ಹೆಸರಲ್ಲಿ ದತ್ತಿ ಬಹುಮಾನ ಇಡಬಹುದು. ನನಗೆ ಕೇಳಿದರೆ ಅದೇ ಮೇಲು.

## ಹಂತ 9: ದಿನ ಮತ್ತು ಬಾವುಟ

1971ರವರಿಗೆ, ಆ ಯುದ್ಧ ಗೆದ್ದ ಡಿಸೆಂಬರ್ 16 ಸಹಜವಾದ ದಿನ. ಜನವರಿ 14 ಮಾಜಿ ಸೈನಿಕರ ದಿನ. ಜನರಲ್ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದದ್ದು ಅಂದೇ. ಅದು ನಮ್ಮಲ್ಲಿ ಸಂಕ್ರಾಂತಿಯ ಆಸುಪಾಸು, ಮಕ್ಕಳು ಊರಿಗೆ ಬಂದಿರುತ್ತಾರೆ.

ಬಾವುಟವನ್ನು ಕಲ್ಲಿಗೆ ಹೊದಿಸಿ ಅನಾವರಣ ಮಾಡುವುದು ತಪ್ಪು. ಅದಕ್ಕೆ ಬೇರೆ ಬಟ್ಟೆ ಬಳಸಿ. ಬಾವುಟದ ಮೇಲೆ ಹೆಸರು, ಫೋಟೊ ಮುದ್ರಿಸಬಾರದು. ಅಂತ್ಯಕ್ರಿಯೆಯಲ್ಲಿ ಸೇನೆಯವರು ಹೊದಿಸಿದ ಬಾವುಟ ಮನೆಯಲ್ಲಿದ್ದರೆ ಮಡಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಪದಕವನ್ನು ಪಡೆದವರು ಧರಿಸುವುದು ಎಡ ಎದೆಗೆ. ಮನೆಯವರು ಧರಿಸುವುದಿದ್ದರೆ ಬಲಕ್ಕೆ ಎಂಬುದು ರೂಢಿ. ಹೊಸದಾಗಿ ಹೊಲಿಸಿದ ಯೂನಿಫಾರ್ಮ್ ಅನ್ನು ಮೊಮ್ಮಗನಿಗೆ ತೊಡಿಸಿ ನಿಲ್ಲಿಸುವ ಆಸೆ ಕೆಲವರಿಗೆ ಇರುತ್ತದೆ. ಬಿಡಿ ಅದನ್ನು. ಬಂದ ಮಾಜಿ ಸೈನಿಕರಿಗೆ ಮುಂದಿನ ಸಾಲು ಕುರ್ಚಿ, ನೆರಳು, ಬಿಸಿ ಕಾಫಿ ಕೊಡಿ. ಅವರಲ್ಲಿ ಒಬ್ಬರು ಅಪ್ಪನ ಸೇವಾ ವಿವರ ಓದಲಿ, ರಾಜಕಾರಣಿ ಬೇಡ. ಮೈಕ್ ಸಿಕ್ಕರೆ ಅವರು ಕಾರ್ಯಕ್ರಮ ನುಂಗುತ್ತಾರೆ.

ಮುಗಿದ ವಾರದೊಳಗೆ ಸ್ಕ್ಯಾನ್‌ಗಳ ಒಂದೊಂದು ಪೆನ್‌ಡ್ರೈವ್ ಅಣ್ಣತಮ್ಮ ಅಕ್ಕತಂಗಿಯರಿಗೆ ಕೊಡಿ. ಮೂಲ ಕಾಗದ ಯಾರ ಮನೆಯಲ್ಲಿದೆ ಅಂತ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆಯಿರಿ. ಕಲ್ಲು ನಿಲ್ಲಿಸಿದ್ದರೆ ಮೊದಲ ಜೋರು ಮಳೆ ಆದ ಮೇಲೆ ಹೋಗಿ ಬುಡ ನೋಡಿ ಬನ್ನಿ. ಮಣ್ಣು ಕುಸಿದಿದ್ದರೆ ಆಗಲೇ ಜಲ್ಲಿ ತುಂಬಿಸಿ.